ಬಣ್ಣದ ಮನೆಯ ಬೆಲೆ

ಬಾಗಿಲು ತಟ್ಟಿದರೆ ಸಾಕು, ಎದೆ ಬಾಯಿಗೆ ಬರುವ ಜಾಯಮಾನ ನಮ್ಮ ಕಾಂಪೌಂಡರದು. ಆಯುಷ್ಯವೆಲ್ಲ ಆಸ್ಪತ್ರೆಯಲ್ಲಿ ಔಷಧಿ ಬೆರೆಸಿಕೊಟ್ಟು ನಿವೃತ್ತರಾದವರು, ಇನ್ನು ನೆಮ್ಮದಿಯಾಗಿ ಇರೋಣವೆಂದು ಗೆಳೆಯನ ಮನೆಯ ಮಹಡಿಗೆ ಬಾಡಿಗೆಗೆ ಬಂದರು. ಬಂದದ್ದು ಮಾತ್ರ ಪತ್ತೇದಾರನ ಮನೆಗೆ.

ಆ ಗೆಳೆಯನನ್ನು ಊರು ತಕ್ಕಡಿ ಎಂದೇ ಕರೆಯುತ್ತಿತ್ತು. ಅಂಗಡಿ, ಗಿರಣಿ, ಛಾಪಖಾನೆ ಮಾರುವವರೂ ಕೊಳ್ಳುವವರೂ ಬೆಲೆ ಕಟ್ಟಿಸಲು ಬರುತ್ತಿದ್ದುದು ಅವರ ಬಳಿಗೆ. ಬೆಲೆ ಹೊಂದದ ಕಡೆ ಮೋಸ ಸಿಗುತ್ತಿತ್ತು, ಒಮ್ಮೊಮ್ಮೆ ಹೆಣವೂ ಸಿಗುತ್ತಿತ್ತು. ಹಾಗಾಗಿ ಪೊಲೀಸರೂ ಆ ಮನೆಯ ಮೆಟ್ಟಿಲು ಹತ್ತುತ್ತಿದ್ದರು.

ಆ ಸಂಜೆ ಮೆಟ್ಟಿಲು ಹತ್ತಿ ಬಂದವಳು ಒಬ್ಬ ಯುವತಿ. ಬಣ್ಣದ ಕಾರ್ಖಾನೆಯ ಯಜಮಾನರ ಒಬ್ಬಳೇ ಮಗಳು. ಕಳೆದ ವಾರವಷ್ಟೇ ಯಜಮಾನರು ಬಟ್ಟೆಗೆ ಬಣ್ಣ ಹಾಕುವ ಕುದಿಯುವ ಕೊಪ್ಪರಿಗೆಗೆ ಬಿದ್ದು ಸತ್ತಿದ್ದರು. ಹೆಣದ ಮುಖ ಕಡುನೀಲಿಯಾಗಿತ್ತಂತೆ ಎಂಬ ಸುದ್ದಿ ಕೇಳಿ ಕಾಂಪೌಂಡರು ಎರಡು ದಿನ ಊಟ ಬಿಟ್ಟಿದ್ದರು.

"ಮುಂದಿನ ಸರದಿ ನಂದು ಸಾರ್," ಎಂದಳು ಹುಡುಗಿ. ಕುರ್ಚಿ ತೋರಿಸಿದರೂ ಕೂರಲಿಲ್ಲ. "ಅಪ್ಪ ಹೋದಾಗಿಂದ ರಾತ್ರಿ ನನ್ನ ಕೋಣೆಗೆ ಯಾರೋ ಹೊರಗಿಂದ ಚಿಲಕ ಹಾಕ್ತಾರೆ. ಬೆಳಿಗ್ಗೆ ಎದ್ದು ನೋಡಿದ್ರೆ ತೆಗೆದಿರತ್ತೆ. ಕೂಗೋಕೂ ಭಯ. ಕೂಗಿದ್ರೆ ಬರೋನು ಅವನೇ ಆದ್ರೆ?"

ಕಾಂಪೌಂಡರು ಎದ್ದು ಹೋಗಿ ತಮ್ಮ ಬಾಗಿಲಿನ ಚಿಲಕ ನೋಡಿಕೊಂಡು ಬಂದರು.

"ಮನೇಲಿ ಯಾರ್ಯಾರಿದೀರಿ?" ತಕ್ಕಡಿ ಕೇಳಿದರು.

"ಚಿಕ್ಕಪ್ಪ, ಸೋದರಮಾವ, ನಾನು. ಕಾರ್ಖಾನೆ ಅರ್ಧ ಅಪ್ಪಂದು, ಅರ್ಧ ಚಿಕ್ಕಪ್ಪಂದು. ಮಾವ ಆಫೀಸು ನೋಡ್ಕೊಳ್ತಾರೆ. ಹೊರಗಿನ ಯಾರೋ ಕೊಂಡ್ಕೊಳ್ತೀನಿ ಅಂದಿದಾರಂತೆ, ನಾಳೆ ಮಧ್ಯಾಹ್ನ ಸಹಿ ಹಾಕ್ಬೇಕು. ಸಹಿ ಹಾಕಿದ್ರೆ ಅಪ್ಪನ ಕೆಲಸ ಹೋಗತ್ತೆ. ಹಾಕದಿದ್ರೆ ನಾನು ಹೋಗ್ತೀನೇನೋ."

"ಚಿಕ್ಕಪ್ಪನಿಗೂ ಅಪ್ಪನಿಗೂ ಹೇಗಿತ್ತು?"

"ಹಾವು ಮುಂಗುಸಿ. ಅಪ್ಪ ಸಾಯೋ ಹಿಂದಿನ ದಿನ 'ನೀನು ಸತ್ತ ಮೇಲೇ ಈ ಮನೆ ಉದ್ಧಾರ' ಅಂತ ಅಂಗಳದಲ್ಲಿ ನಿಂತು ಕೂಗಿದ್ರು."

ತಕ್ಕಡಿ, "ನಾಳೆ ಬೆಳಿಗ್ಗೆ ಬೆಲೆ ಕಟ್ಟೋಕೆ ಬರ್ತೀವಿ ಅಂತ ಮನೇಲಿ ಹೇಳಮ್ಮ. ಈ ರಾತ್ರಿ ನಿನ್ನ ಗೆಳತಿ ಮನೇಲಿರು," ಎಂದರು.

ಹೊರಡುವಾಗ ಹುಡುಗಿ ಕಾಂಪೌಂಡರತ್ತ ತಿರುಗಿದಳು. "ನಿಮ್ಮ ಕೋಟಿನ ಬಲತೋಳು ಬೇರೆ ಥಾನಿನ ಬಟ್ಟೇದು, ಅಲ್ವಾ? ಆ ಕಪ್ಪಲ್ಲಿ ಒಂಚೂರು ಹಸಿರಿದೆ." ಹೇಳಿದವಳೇ ನಾಲಿಗೆ ಕಚ್ಚಿಕೊಂಡು, ಕೈ ಸೆರಗಿನೊಳಗೆ ಎಳೆದುಕೊಂಡು ಇಳಿದುಹೋದಳು. ಅವಳ ಉಗುರಿನ ಸಂದಿನಲ್ಲಿ ನೀಲಿ ಇತ್ತು, ಅದರ ಕೆಳಗೆ ಅರಿಸಿನ, ಅದಕ್ಕೂ ಕೆಳಗೆ ಕೆಂಪು. ಕಾಂಪೌಂಡರಿಗೆ ಉಗುರಿಗಿಂತ ತೋಳಿನದೇ ಚಿಂತೆ. ತೋಳು ಹರಿದು ದರ್ಜಿ ಬೇರೆ ಜೋಡಿಸಿ ಎಷ್ಟೋ ವರ್ಷವಾಗಿತ್ತು. ಈವರೆಗೆ ಒಂದು ನರಪಿಳ್ಳೆಗೂ ಗೊತ್ತಾಗಿರಲಿಲ್ಲ, ಅದೂ ಮಬ್ಬು ದೀಪದಲ್ಲಿ.

ಮರುದಿನ ಬೆಳಿಗ್ಗೆ ಇಬ್ಬರೂ ಕಾರ್ಖಾನೆಯಲ್ಲಿ ಬಣ್ಣ ಕುದಿಸುವ ಅಂಕಣಕ್ಕೆ ಕಾಲಿಟ್ಟರು. ಆಳೆತ್ತರದ ಕೊಪ್ಪರಿಗೆಗಳು ಸಾಲಾಗಿ ನಿಂತಿದ್ದವು. ಅವುಗಳ ಮೇಲೆ ಹಲಗೆ ಹಾಸಿದ ಕಾಲುದಾರಿ, ಪಕ್ಕದಲ್ಲಿ ಹಿಡಿದುಕೊಳ್ಳಲು ಹಗ್ಗ. ಬಿಸಿಯಿರಲಿಲ್ಲ, ಆಳುಗಳಿರಲಿಲ್ಲ. ತಣ್ಣಗಾದ ನೀಲಿ ನೀರು ಮಾತ್ರ ಮೇಲೆ ನೋಡುತ್ತಿರುವಂತಿತ್ತು. ದೊಡ್ಡ ಕೊಪ್ಪರಿಗೆಯ ಮೇಲೆ ಒಂದು ಹಲಗೆ ಇರಲಿಲ್ಲ. ಅಗಲವಾದ ಆ ಸಂದಿನ ನೇರಕ್ಕೇ ಕಿಟಕಿ, ಬಿಸಿಲು ನಿಚ್ಚಳವಾಗಿ ಬೀಳುತ್ತಿತ್ತು. ಕಾಂಪೌಂಡರು ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದರು. ಒಂದೊಂದು ಕೊಪ್ಪರಿಗೆಯ ನೇರಕ್ಕೂ ಹಗ್ಗದಲ್ಲಿ ಒಂದೊಂದು ಬಗೆಯ ಗಂಟು ಕೈಗೆ ತಾಗಿತು.

"ಈ ಗಂಟು ಯಾತಕ್ಕೆ?" ತಕ್ಕಡಿ ಜೊತೆಗೆ ಬಂದಿದ್ದ ಕಾರ್ಖಾನೆಯ ಮೇಸ್ತ್ರಿಯನ್ನು ಕೇಳಿದರು.

"ಹೋದ ವರ್ಷ ಯಜಮಾನರೇ ಹಾಕಿದ್ದು ಸಾರ್. ಮಾದರಿ ಬಟ್ಟೆ ನೇತುಹಾಕೋಕೆ ಅಂದ್ರು. ಒಂದು ದಿನಾನೂ ಹಾಕಿದ್ದು ನೋಡ್ಲಿಲ್ಲ."

"ಹಲಗೆ?"

"ಯಜಮಾನ್ರು ಬಿದ್ದ ದಿನ ಊಟದ ಹೊತ್ತಿಗೆ ಮುಂಚೆ ಇತ್ತು, ನಾನೇ ಅದರ ಮೇಲೆ ನಡೆದಿದ್ದೆ. ಆಮೇಲೆ ನೋಡಿದ್ರೆ ಗೋಡೆಗೆ ಒರಗಿಸಿತ್ತು. ಊಟದ ಹೊತ್ತಲ್ಲಿ ಯಜಮಾನ್ರು ಒಬ್ಬರೇ ಇಲ್ಲಿ ಓಡಾಡ್ತಿದ್ರು. ದಿನಾ ಹಾಗೇ." ಮೇಸ್ತ್ರಿ ಮೂಗೊರೆಸಿಕೊಂಡ. "ಇನ್ನೇನು ಸಾರ್, ಬಣ್ಣ ಹದಕ್ಕೆ ಬಂತು ಅಂತ ಹೇಳೋ ಕಣ್ಣು ಅವರದೊಂದೇ. ನಾನೂ ಬೇರೆ ಕಡೆ ಕೆಲಸ ಕೇಳಿಟ್ಟಿದೀನಿ."

ಚಿಕ್ಕಪ್ಪ ಬಾಯ್ಲರಿನ ಬಳಿ ಕೂತಿದ್ದರು, ಕಣ್ಣು ಕೆಂಡದಂತಿತ್ತು. ಅಣ್ಣ ಸತ್ತ ಅರ್ಧ ಗಂಟೆಯಲ್ಲೇ ಬಾಯ್ಲರು ನಿಲ್ಲಿಸಿ ಆಳುಗಳನ್ನು ಕಳಿಸಿದವರು ಅವರೇ. "ಬೆಲೆನಾ? ಅಣ್ಣ ಇಲ್ಲದ ಮೇಲೆ ಏನಿದೆ ಇಲ್ಲಿ? ತಾಮ್ರ, ಕಬ್ಬಿಣ ತೂಗಿ ಹಾಕಿ. ಆವತ್ತು ಎಲ್ಲಿದ್ದೆ ಅಂತಲೂ ಕೇಳ್ತೀರಾ? ಮನೇಲಿ ಮಲಗಿದ್ದೆ. ಸಾಕ್ಷಿ ದಿಂಬು."

ಸೋದರಮಾವ ಇವರನ್ನು ಆಫೀಸಿಗೆ ಕರೆದು ಕೂರಿಸಿ, ಬಾಯಿತುಂಬ ಮಾತಾಡಿದರು. "ಹುಡುಗಿ ತಬ್ಬಲಿಯಾಯ್ತು. ಹಳೇ ಕಬ್ಬಿಣದ ಬೆಲೆ ಬಂದ್ರೂ ಪುಣ್ಯ ಸಾರ್. ಆವತ್ತು ನಾನು ಬ್ಯಾಂಕಿಗೆ ಹೋಗಿದ್ದೆ, ಇಲ್ಲೇ ಇದ್ದಿದ್ರೆ..." ಎಂದು ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ಫೋನು ಬಂತು. "ಇಲ್ಲ ಇಲ್ಲ, ಆರ್ಡರು ವಾಪಸ್ ತಗೋಬೇಡಿ. ಮುಂದಿನ ತಿಂಗಳು ಬಟ್ಟೆ ಬರತ್ತೆ, ಅದೇ ಬಣ್ಣ," ಎಂದು ಹೇಳಿ ಇಟ್ಟರು. ಕಿಟಕಿಯಾಚೆ ಅಂಗಳದಲ್ಲಿ ಇಬ್ಬರು ಲಾರಿಯಿಂದ ಹೊಸ ಕಲ್ಲಿದ್ದಲು ಇಳಿಸುತ್ತಿದ್ದರು.

ಹೊರಗೆ ಬಂದ ಮೇಲೆ ಕಾಂಪೌಂಡರು ಪಿಸುಗುಟ್ಟಿದರು. "ಚಿಕ್ಕಪ್ಪನೇ ಅಲ್ವೇನ್ರಿ? ಆ ಕಣ್ಣು ನೋಡಿದ್ರೇ ನಂಗೆ ನಡುಕ."

"ಹಸುವಿಗೆ ಬೆಲೆ ಕಟ್ಟೋದು ಹೇಗೆ ಹೇಳಿ ಕಾಂಪೌಂಡರೇ," ಎಂದರು ತಕ್ಕಡಿ. "ಪಕ್ಕದ ಮನೆ ಹಸು ಎಷ್ಟಕ್ಕೆ ಹೋಯ್ತು ಅಂತ ವಿಚಾರಿಸಬಹುದು. ಇನ್ನೆಷ್ಟು ವರ್ಷ ಎಷ್ಟೆಷ್ಟು ಹಾಲು ಕೊಡತ್ತೆ ಅಂತ ಲೆಕ್ಕ ಹಾಕಬಹುದು. ಇಲ್ಲಾ ಸತ್ತಿದೆ ಅಂತ ತಿಳಿದು ಚರ್ಮಕ್ಕೆ ಬೆಲೆ ಕಟ್ಟಬಹುದು. ಕಾರ್ಖಾನೆಗೂ ಅಷ್ಟೇ. ಇಲ್ಲಿ ಎಲ್ಲರೂ ಹೇಳ್ತಿರೋದು ಚರ್ಮದ ಬೆಲೆ."

"ಸತ್ತಿದೆಯಲ್ಲ ಮತ್ತೆ?"

"ಹಾಗಂತ ನಿಜವಾಗಿ ನಂಬಿರೋರು ಯಾರು ಅನ್ನೋದೇ ಪ್ರಶ್ನೆ." ಅಷ್ಟು ಹೇಳಿ ಅವರು ಇನ್‌ಸ್ಪೆಕ್ಟರಿಗೆ ಫೋನು ಮಾಡಲು ಹೋದರು. ಬಣ್ಣದ ಅಂಕಣದ ಬಾಗಿಲಲ್ಲಿ ಒಬ್ಬರೇ ಉಳಿದ ಕಾಂಪೌಂಡರು ಆ ಹೊತ್ತಿನಲ್ಲಿ ತಮಗೆ ಗೊತ್ತಿದ್ದ ದೇವರನ್ನೆಲ್ಲ ನೆನೆದರು.

ಮಧ್ಯಾಹ್ನ ಸಹಿಯ ಹೊತ್ತಿಗೆ ಎಲ್ಲರೂ ಆಫೀಸಿನಲ್ಲಿ ಸೇರಿದರು. ಹುಡುಗಿ ಬಾಗಿಲಿಗೆ ಹತ್ತಿರ ನಿಂತಿದ್ದಳು, ಓಡಲು ಸಿದ್ಧಳಾದವಳ ಹಾಗೆ. ಚಿಕ್ಕಪ್ಪ, ಮಾವ, ಮೇಸ್ತ್ರಿ ಕೂತಿದ್ದರು. ಇನ್‌ಸ್ಪೆಕ್ಟರ್ ಗೋಡೆಗೆ ಒರಗಿದ್ದರು.

"ನನ್ನ ಲೆಕ್ಕ ಮುಗೀತು," ತಕ್ಕಡಿ ಹೇಳಿದರು. "ನೀವೆಲ್ಲ ಹೇಳಿದ್ದೇ ಸರಿ. ಹಳೇ ಕಬ್ಬಿಣದ ಬೆಲೆ. ಮಾರಿಬಿಡಿ. ಹುಡುಗಿಗೆ ಇಲ್ಲಿ ಜೀವಭಯ, ಸಹಿ ಹಾಕಿ ಈಗಲೇ ನನ್ನ ಅಕ್ಕನ ಊರಿಗೆ ಹೊರಡ್ತಾಳೆ. ಮತ್ತೆ ಈ ಕಡೆ ಬರಲ್ಲ."

"ಛೇ, ಅವಳ್ಯಾಕೆ ಹೋಗ್ಬೇಕು?" ಮಾವ ನಕ್ಕರು. "ನಾನಿಲ್ವೇ ನೋಡ್ಕೊಳ್ಳೋಕೆ?"

"ಬಸ್ಸಿಗೆ ಟಿಕೆಟ್ ತಗೊಂಡಾಯ್ತು."

"ಅದೆಲ್ಲ ಆಗಲ್ಲ! ಅವಳು ಇಲ್ಲೇ ಇರ್ಬೇಕು."

"ಯಾಕ್ರೀ? ಹಳೇ ಕಬ್ಬಿಣ ತೂಗೋಕೆ ಅವಳು ಬೇಕಾ?"

"ಬಣ್ಣ ಯಾರ್ರೀ ನೋಡ್ತಾರೆ ಹಾಗಾದ್ರೆ!"

ಮಾತು ಆಡಿದರೆ ಹೋಯಿತು. ಮಾವನ ನಗುಮುಖದಿಂದ ನಗು ಮಾತ್ರ ಇಳಿದುಹೋದದ್ದನ್ನು ಕಾಂಪೌಂಡರು ಮುಂದೆ ಎಂದೂ ಮರೆಯಲಿಲ್ಲ.

"ಕೇಳಿದಿರಲ್ಲ," ತಕ್ಕಡಿ ಉಳಿದವರತ್ತ ತಿರುಗಿದರು. "ಮೊದಲು ಹಲಗೆಯ ವಿಷಯ. ಹಾಡಹಗಲು, ಎದುರಿಗೆ ಕಿಟಕಿ, ಅಷ್ಟಗಲದ ಸಂದು. ಕಣ್ಣಿರೋನು ಅದರಲ್ಲಿ ಬೀಳ್ತಾನಾ? ಬೀಳಲ್ಲ. ಯಜಮಾನ್ರು ಬಿದ್ರು. ಹಗ್ಗದ ಗಂಟು ಮಾದರಿ ನೇತುಹಾಕೋಕಲ್ಲ, ಯಾವ ಕೊಪ್ಪರಿಗೆ ಹತ್ತಿರ ಬಂದೆ ಅಂತ ಕೈಗೆ ಗೊತ್ತಾಗೋಕೆ. ಯಜಮಾನರಿಗೆ ಒಂದು ವರ್ಷದಿಂದ ಕಣ್ಣೇ ಕಾಣ್ತಿರಲಿಲ್ಲ."

ಚಿಕ್ಕಪ್ಪ ಕುರ್ಚಿಯಿಂದ ಅರ್ಧ ಎದ್ದು ಹಾಗೇ ಕೂತರು.

"ಆ ವರ್ಷವೆಲ್ಲ ಇಲ್ಲಿಂದ ಬಟ್ಟೆ ಹೋಗಿದೆ, ಒಂದು ಥಾನೂ ವಾಪಸ್ ಬಂದಿಲ್ಲ. ಹಾಗಾದ್ರೆ ಬಣ್ಣ ನೋಡಿದ ಕಣ್ಣು ಯಾರದ್ದು? ಮಬ್ಬು ದೀಪದಲ್ಲಿ ನನ್ನ ಗೆಳೆಯನ ಕೋಟಿನ ಕಪ್ಪಲ್ಲಿ ಹಸಿರು ಕಂಡವಳದ್ದು. ಉಗುರಲ್ಲಿ ಮೂರು ಬಣ್ಣ ಒಂದರ ಮೇಲೊಂದು ಕೂತಿರೋದು ಒಂದು ದಿನದ ಕೆಲಸ ಅಲ್ಲ."

ಹುಡುಗಿ ಕೈಯಲ್ಲಿ ಮುಖ ಮುಚ್ಚಿಕೊಂಡಳು. "ಅಪ್ಪ ಆಣೆ ಹಾಕಿಸ್ಕೊಂಡಿದ್ರು. ಕಣ್ಣು ಹೋದ ಸುದ್ದಿ ಹೊರಬಿದ್ರೆ ಗಿರಾಕಿಗಳು ಓಡಿಹೋಗ್ತಾರೆ ಅಂತ. ನೀರು ಕೊಡೋ ನೆಪದಲ್ಲಿ ಹೋಗ್ತಿದ್ದೆ. ಲೋಟ ಬಲಗೈಗೆ ಕೊಟ್ರೆ ಬಣ್ಣ ಸರಿ, ಎಡಗೈಗೆ ಕೊಟ್ರೆ ಇನ್ನೊಂಚೂರು ಕುದೀಬೇಕು."

"ಅಂಕಣದ ಕಿಟಕಿ ಮೂಲಕ ಅದು ಕಾಣೋದು ಈ ಆಫೀಸಿನ ಕಿಟಕಿಗೆ ಮಾತ್ರ," ಎಂದರು ತಕ್ಕಡಿ. "ಕೊಂದವನಿಗೆ ಯಜಮಾನರ ಕುರುಡು ಗೊತ್ತಿತ್ತು. ಅದು ಗೊತ್ತಿದ್ದೋನಿಗೆ ಮಗಳ ಕಣ್ಣೂ ಗೊತ್ತಿರಬೇಕು. ಅಪ್ಪ ಸತ್ತರೆ ಊರ ಕಣ್ಣಿಗೆ ಕಾರ್ಖಾನೆ ಸತ್ತ ಹಾಗೆ, ಬೆಲೆ ಚರ್ಮಕ್ಕಿಳಿಯತ್ತೆ. ಹಾಲು ಕೊಡೋ ಹಸು ಮಾತ್ರ ಕೊಟ್ಟಿಗೇಲೇ ಇರತ್ತೆ. ಆಗ ಕೊಂಡೋನಿಗೆ ಹಬ್ಬ. ಚಿಕ್ಕಪ್ಪ ಬಾಯ್ಲರು ಆರಿಸಿದ್ರು, ಮೇಸ್ತ್ರಿ ಬೇರೆ ಕೆಲಸ ಹುಡುಕಿದ. ಇಬ್ಬರೂ ನಿಜವಾಗಿ ನಂಬಿದ್ರು, ಹಾಗಾಗಿ ಇಬ್ಬರಿಗೂ ಏನೂ ಗೊತ್ತಿರಲಿಲ್ಲ. ಅಣ್ಣ ಸತ್ರೆ ಚಿಕ್ಕಪ್ಪನ ಪಾಲಿನ ಬೆಲೆಯೂ ಬೀಳತ್ತೆ, ತನ್ನ ಅನ್ನಕ್ಕೆ ತಾನೇ ಮಣ್ಣು ಹಾಕ್ಕೊಳ್ಳೋರು ಉಂಟೇ? ಒಬ್ಬರು ಮಾತ್ರ ಬಾಯಲ್ಲಿ ಹಳೇ ಕಬ್ಬಿಣ ಅಂದ್ರು, ಕೈಯಲ್ಲಿ ಕಲ್ಲಿದ್ದಲು ತರಿಸಿದ್ರು, ಆರ್ಡರು ಹಿಡಿದಿಟ್ರು. ರಾತ್ರಿ ಚಿಲಕ ಹಾಕ್ತಿದ್ದದ್ದೂ ಕೊಲ್ಲೋಕಲ್ಲಮ್ಮ. ಸಹಿಗೆ ಮುಂಚೆ ನೀನು ಕೈತಪ್ಪಿ ಹೋಗಬಾರದು ಅಂತ."

"ಗೊತ್ತಿತ್ತು ಅಂದ್ರೆ ಕೊಂದ ಹಾಗಾ?" ಮಾವನ ದನಿ ಒಡೆದಿತ್ತು.

ಇನ್‌ಸ್ಪೆಕ್ಟರ್ ಗೋಡೆ ಬಿಟ್ಟು ಮುಂದೆ ಬಂದರು. "ಆವತ್ತು ನೀವು ಬ್ಯಾಂಕಿಗೆ ಕಾಲಿಟ್ಟಿಲ್ಲ, ವಿಚಾರಿಸಿದೀನಿ. ಕೊಳ್ಳೋ ಪಾರ್ಟಿ ಬೆಳಿಗ್ಗೆಯಿಂದ ಠಾಣೇಲಿ ಕೂತಿದೆ. ಹೆಸರು ಮಾತ್ರ ತನ್ನದು, ದುಡ್ಡು ನಿಮ್ಮದು ಅಂತ ಬಾಯಿಬಿಟ್ಟ."

ಮಾವ ಬಾಗಿಲತ್ತ ನುಗ್ಗಿದರು. ಬಾಗಿಲಲ್ಲಿ ಹುಡುಗಿ ನಿಂತಿದ್ದಳು. ಕಾಂಪೌಂಡರಿಗೆ ಆ ಕ್ಷಣ ಏನಾಯಿತೋ ಅವರಿಗೇ ತಿಳಿಯದು, ಕಣ್ಣು ಮುಚ್ಚಿಕೊಂಡು ನಡುವೆ ಹೋಗಿ ನಿಂತರು. ಮೈಮೇಲೆ ಬಿದ್ದ ಭಾರಕ್ಕೆ ನೆಲ ಕಚ್ಚಿ, ಮತ್ತೆ ಕಣ್ಣು ಬಿಟ್ಟಾಗ ಇನ್‌ಸ್ಪೆಕ್ಟರ್ ಮಾವನ ಕೈಗೆ ಬೇಡಿ ಹಾಕುತ್ತಿದ್ದರು.

"ಹಲಗೆ ತೆಗೆದದ್ದಷ್ಟೇ ನಾನು," ಎಂದರು ಮಾವ, ಯಾರನ್ನೂ ನೋಡದೆ. "ತಳ್ಳಲಿಲ್ಲ."

ಜೀಪು ಹೋದ ಮೇಲೆ ಚಿಕ್ಕಪ್ಪ ಎದ್ದು ಬಂದು ಹುಡುಗಿಯ ಮುಂದೆ ನಿಂತರು.

"ನಿಜವಾಗ್ಲೂ ನೀನೇ ನೋಡ್ತಿದ್ಯಾ ಮಗೂ? ಒಂದು ವರ್ಷ? ಒಂದೇ ಸೂರಿನ ಕೆಳಗಿದ್ದೂ ನಂಗೆ ಗೊತ್ತೇ ಆಗ್ಲಿಲ್ವಲ್ಲ."

"ಯಾರಿಗೂ ಗೊತ್ತಾಗ್ಲಿಲ್ಲ ಚಿಕ್ಕಪ್ಪ," ಎಂದಳು ಅವಳು. ಅಳು ನಿಂತಿತ್ತು, ಭಯ ಇನ್ನೂ ಮುಖದಲ್ಲೇ ಇತ್ತು. "ಈ ಮನೇಲಿ ನನ್ನ ಬೆಲೆ ಸರಿಯಾಗಿ ತಿಳ್ಕೊಂಡಿದ್ದೋನು ಆ ಮಾವ ಒಬ್ಬನೇ."