ಚಾವಣಿಯಲ್ಲೊಂದು ತೂತು

ಬೀಗ ಹಾಕಿದ ಕಾರು. ಗಾಜು ಒಡೆದಿಲ್ಲ, ಬಾಗಿಲ ಮೇಲೆ ಗೀರಿಲ್ಲ. ಆದರೂ ಬೆಳಗಾಗುವಷ್ಟರಲ್ಲಿ ಒಳಚಾವಣಿಯ ದೀಪ, ಅದರ ಸ್ವಿಚ್ಚುಗಳ ಪೆಟ್ಟಿಗೆ ಸಮೇತ ಮಾಯ!

"ಸ್ಟೀರಿಯೋ ಇದೆ, ಸ್ಟೆಪ್ನಿ ಇದೆ. ದೀಪ ಮಾತ್ರ ಇಲ್ಲ. ಇದೆಂಥ ಕಳ್ಳತನ, ಅತ್ತಿಗೆ?" ಅಕ್ಕನ ಅಂಗಡಿಯ ಮುಂದೆ ಕಾರು ನಿಲ್ಲಿಸಿ, ತಮ್ಮನ ಹೆಂಡತಿ ತೂತಿನತ್ತ ಬೆರಳು ಮಾಡಿದಳು.

ಕಾರುಗಳ ವೈರಿಂಗ್ ಕೆಲಸದಲ್ಲಿ ಅಕ್ಕನದು ಪಳಗಿದ ಕೈ. ಆದರೆ ಅವಳ ಕಣ್ಣಿದ್ದದ್ದು ಅಂಗಡಿಯ ಗೋಡೆ ನೋಡುತ್ತ ನಿಂತ ತಮ್ಮನ ಮೇಲೆ. ಎರಡು ವರ್ಷದ ಹಿಂದೆ, ಗಿರಾಕಿಗಳ ಮುಂದೆ ಗದರಿದಳೆಂದು ಇದೇ ಅಂಗಡಿ ಬಿಟ್ಟು ಹೋದವನು. ಅಂದಿನಿಂದ ಮಾತಿಲ್ಲ, ಕತೆಯಿಲ್ಲ. ಎಷ್ಟು ಸೊರಗಿದ್ದಾನೆ! ಆದರೂ ಅವಳ ಮುಖದ ಬಿಗಿ ಸಡಿಲಲಿಲ್ಲ.

"ಯಾರ ಮೇಲಾದ್ರೂ ಅನುಮಾನ?"

"ಮತ್ಯಾರು? ನಮ್ಮ ಕಟ್ಟಡದ ಕಾವಲುಗಾರ. ಇವತ್ತೇ ಅವನನ್ನ ಕೆಲಸದಿಂದ ತೆಗೆಸ್ತೀನಿ."

"ಅವನಲ್ಲ!" ತಮ್ಮ ಥಟ್ಟನೆ ಅಂದ.

"ನಿಮಗೆ ಹೇಗ್ರೀ ಗೊತ್ತು?"

"ಅಲ್ಲ ಅಂದ್ರೆ ಅಲ್ಲ, ಬಿಡು."

ಅಕ್ಕ ಕಾರೊಳಗೆ ಕೂತು ಟಾರ್ಚ್ ಹಾಕಿದಳು. ತೂತಿನೊಳಗೆ ಬೆರಳಾಡಿಸಿದಳು — ಒಮ್ಮೆ, ಇನ್ನೊಮ್ಮೆ. ನಗು ಬಂತು, ಕಣ್ಣೂ ತುಂಬಿತು. ಸಾವರಿಸಿಕೊಂಡು ಇಳಿದಳು.

"ಕಾವಲುಗಾರನ ತಂಟೆಗೆ ಹೋಗ್ಬೇಡಮ್ಮ. ಕಳ್ಳ ಸಿಕ್ಕಿದ."

"ಯಾರು?"

"ಕದಿಯೋನು ವೈರು ಕಿತ್ಕೊಂಡು ಓಡ್ತಾನೆ. ಇವನು ಕನೆಕ್ಟರಿನ ಕೊಕ್ಕೆ ಒತ್ತಿ ಮೆಲ್ಲಗೆ ಬಿಡಿಸಿದ್ದಾನೆ. ಸರಿ, ಅದನ್ನ ಯಾವ ಮೆಕ್ಯಾನಿಕ್ಕೂ ಮಾಡ್ತಾನೆ. ಆದ್ರೆ ಸ್ಕ್ರೂ ನೋಡಿದ್ಯಾ? ಪೆಟ್ಟಿಗೆ ತೆಗೆದ ಮೇಲೆ, ಕಳೆದುಹೋಗಬಾರ್ದು ಅಂತ ಎರಡನ್ನೂ ಅವುಗಳ ತೂತಿಗೇ ವಾಪಸ್ ತಿರುಗಿಸಿಟ್ಟಿದ್ದಾನೆ. ಇಷ್ಟು ಅಚ್ಚುಕಟ್ಟಿನ ಕಳ್ಳ ಎಲ್ಲಾದ್ರೂ ಉಂಟಾ? ಈ ಅಭ್ಯಾಸ ಇರೋರು ನಂಗೆ ಗೊತ್ತಿರೋ ಹಾಗೆ ಇಬ್ಬರೇ. ಒಬ್ಬಳು ನಾನು. ಇನ್ನೊಬ್ಬನಿಗೆ ಕಲಿಸಿದವಳೂ ನಾನೇ."

ತಮ್ಮನ ಹೆಂಡತಿ ಮೆಲ್ಲನೆ ಗಂಡನತ್ತ ತಿರುಗಿದಳು. "ರೀ...?"

ತಮ್ಮ ಕೆಮ್ಮಿದ. ತಲೆ ಕೆರೆದುಕೊಂಡ. ಕೊನೆಗೆ ಡಿಕ್ಕಿ ತೆಗೆದು, ಟವೆಲಿನಲ್ಲಿ ಸುತ್ತಿಟ್ಟಿದ್ದ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ತಂದ.

"ಕತ್ತಲಲ್ಲಿ ಬಿಚ್ಚಿದೆ. ಇದರದೊಂದು ಕೊಕ್ಕೆ ಮುರೀತು."

"ಅಂಟು ಹಾಕಿದ್ರೆ ನಿಲ್ಲುತ್ತೆ. ಯಾಕೋ ಮಾಡಿದೆ?"

"ಇಲ್ಲಿಗೆ ಬರೋಕೆ ನೆಪ ಬೇಕಿತ್ತು." ಅವನು ಮೊದಲ ಸಲ ಅವಳ ಮುಖ ನೋಡಿದ. "ಸುಮ್ನೆ ಬಂದಿದ್ರೆ ಒಳಗೆ ಬಿಡ್ತಿದ್ಯಾ ಅಕ್ಕ?"

ಸುಳ್ಳು ಹೇಳಲು ಅವಳಿಗೆ ಮನಸ್ಸಾಗಲಿಲ್ಲ.

"ಇಲ್ಲ. ದಿನಾ ನಿನ್ನ ದಾರಿ ಕಾಯ್ತಿದ್ದೆ. ಆದ್ರೂ ಬಿಡ್ತಿರ್ಲಿಲ್ಲ ಕಣೋ."

ಸೆರಗಿನಿಂದ ಮೂಗೊರೆಸಿಕೊಂಡು ಅಂಟಿನ ಟ್ಯೂಬನ್ನು ಅವನ ಅಂಗೈಗಿಟ್ಟಳು.

"ಬಾ, ಒಳಗೆ ಕೂತು ಹಚ್ಚು."