ಏಳನೆಯ ಫ್ರೀಜರಿನ ಗಂಟೆ

ಏಳನೆಯ ಫ್ರೀಜರಿನ ಬಾಗಿಲು ತೆರೆದಾಗ ಸೀಸೆಗಳೆಲ್ಲ ಕರಗಿದ್ದವು. ಅಮೆರಿಕದ ಡುಲುತ್ ಊರಿನ ಎದೆಹಾಲಿನ ಬ್ಯಾಂಕು ಅದು. ದಿನ ತುಂಬದೆ ಹುಟ್ಟಿದ ಕೂಸುಗಳಿಗೆ ಅದೇ ಊಟ. ಅರವತ್ತೊಂದು ಸೀಸೆಗಳ ಮೇಲೆ ಒಂದೇ ಹೆಸರು—ಜೋಯೆಲ್. ತನ್ನ ಮಗು ತೀರಿಕೊಂಡ ಮೇಲೂ ಆ ತಾಯಿ ಮೂರು ವಾರ ಹಾಲು ತಂದುಕೊಟ್ಟಿದ್ದಳು.

"ನನಗೆ ಎಚ್ಚರಿಕೆ ಗಂಟೆ ಕೇಳಿಸಲಿಲ್ಲ," ಎಂದಳು ಬರ್ನಡೆಟ್. ಇಪ್ಪತ್ತೆರಡು ವರ್ಷದಿಂದ ಫ್ರೀಜರುಗಳ ಉಸ್ತುವಾರಿ ಅವಳದೇ.

"ಕೇಳಿಸಲಿಲ್ವೋ, ಈಗೀಗ ಕೇಳಿಸೋದೇ ಇಲ್ವೋ?" ಮ್ಯಾನೇಜರ್ ಡ್ವೈಟ್ ಚುಚ್ಚಿದ. "ಎಚ್ಚರಿಕೆ ಕೊಟ್ಟಿದೆ ಅಂತ ದಾಖಲೆಲೇ ಇದೆ. ಎರಡು ದಿನದಲ್ಲಿ ಬೇರೆ ಕಾರಣ ಸಿಗದಿದ್ರೆ ಇನ್ನು ಬರಬೇಡಿ."

ಕಾರಣ ಹುಡುಕಲು ಎರಡನೇ ದಿನ ಸಿಗ್ನೆ ಬಂದಳು, ಜೊತೆಗೆ ನಾನು. ಫ್ರೀಜರು ಕಾಯುವ ಕಂಪ್ಯೂಟರ್ ಪ್ರೋಗ್ರಾಂ ನಮ್ಮಿಬ್ಬರದು. ಮೊದಲ ಆರಕ್ಕೆ ಅವಳು ಬರೆದಿದ್ದಳು. ಹೊಸ ಏಳನೆಯದಕ್ಕೆ ನಾನು.

"ಆಗ ಎಲ್ಲಿದ್ರಿ, ಬರ್ನಡೆಟ್?" ಸಿಗ್ನೆ ಕೇಳಿದಳು.

"ಪಕ್ಕದ ಕೋಣೆಲಿ. ಸೀಸೆ ತೊಳೀತಿದ್ದೆ."

"ಹೋದ ವಾರ ಮೂರನೇದರ ಗಂಟೆ ಹೊಡ್ಕೊಂಡಾಗ?"

"ಅಲ್ಲೇ ಇದ್ದೆ. ಓಡಿ ಬಂದೆ."

ಸಿಗ್ನೆ ಎರಡು ದಾಖಲೆಗಳನ್ನು ಪಕ್ಕಪಕ್ಕ ಇಟ್ಟಳು.

"ಮೂರನೇದು—ಗಂಟೆ, ಫೋನಿಗೆ ಸಂದೇಶ. ಏಳನೇದು—ಕೆಂಪು ದೀಪ. ಅಷ್ಟೇ! ಇರೋದನ್ನ ಎಲ್ಲರೂ ಓದಿದ್ರಿ. ಇಲ್ಲದ್ದನ್ನ ಯಾರು ನೋಡಿದ್ರಿ?"

"ಅಂದ್ರೆ?" ಡ್ವೈಟ್ ಕೇಳಿದ.

"ಪ್ರೋಗ್ರಾಂನಲ್ಲಿ ತಾಯಿ ಕ್ಲಾಸು ಅಂತ ಒಂದು ಮೂಲ ಭಾಗ ಇರುತ್ತೆ, ಗಂಟೆ ಹೊಡೆಯೋದು ಅದರ ಕೆಲಸ. ಅದರಿಂದ ಹುಟ್ಟೋ ಮಗಳು ಕ್ಲಾಸಿಗೆ ಆ ಕೆಲಸ ತಾನಾಗೇ ಬರುತ್ತೆ. ಆದ್ರೆ ಅದೇ ಹೆಸರಿನ ಕೆಲಸಾನ ಮಗಳಲ್ಲಿ ಹೊಸದಾಗಿ ಬರೆದ್ರೆ ತಾಯೀದು ನಡೆಯಲ್ಲ. ಅದೂ ನಡೀಬೇಕಂದ್ರೆ ಒಂದು ಸಾಲು ಬರೆದು ತಾಯೀನ ಕರೀಬೇಕು. ಏಳನೇದರ ಮಗಳಲ್ಲಿ ಹೊಸ ದೀಪ ಹಚ್ಚಿದ್ದಾರೆ, ತಾಯೀನ ಕರೆದಿಲ್ಲ. ಗಂಟೆ ಹೊಡೆದೇ ಇಲ್ಲ, ಡ್ವೈಟ್."

"ಬರೆದದ್ದು ಯಾರು?"

"ಮಾರೆನ್," ಸಿಗ್ನೆ ನನ್ನತ್ತ ನೋಡದೆ ಹೇಳಿದಳು. "ಓದಿ ಸರಿ ಅಂದವಳು ನಾನು."

ಆ ವಾರ ನನ್ನ ಮಗಳಿಗೆ ಜ್ವರ. ಅವಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಒಂದೇ ಕೈಯಲ್ಲಿ ಬರೆದಿದ್ದೆ. ದೀಪ ಹತ್ತಿತು, ಸಾಕೆಂದು ಮುಗಿಸಿದ್ದೆ.

ಡ್ವೈಟ್ ತಲೆ ತಗ್ಗಿಸಿ ಬರ್ನಡೆಟ್‌ಳ ಕ್ಷಮೆ ಕೇಳಿದ. ಅವಳು ಕಿವಿ ಮುಟ್ಟಿಕೊಂಡಳು.

"ಎರಡು ದಿನದಿಂದ ಈ ಕಿವಿಗಳನ್ನೇ ಬೈಕೋತಿದ್ದೆ ಕಣಮ್ಮ," ಎಂದಳು ನನಗೆ.

ಕ್ಷಮಿಸಿ ಎನ್ನಲು ಬಾಯಿ ತೆರೆದೆ. ಅವಳು ಜೋಯೆಲ್‌ಳ ಸೀಸೆಯೊಂದನ್ನು ನನ್ನ ಕೈಗಿಟ್ಟಳು. ಚೀಟಿಯ ಮೇಲೆ ಪುಟ್ಟ ಹೃದಯದ ಚಿತ್ರವಿತ್ತು.

"ಕರಗಿದ ಹಾಲು ಕೂಸುಗಳಿಗೆ ಕೊಡೋ ಹಾಗಿಲ್ಲ, ಸುರಿಬೇಕಲ್ಲ. ಒಟ್ಟಿಗೆ ಸುರಿಯೋಣ. ನಿಧಾನವಾಗಿ."