ಕತ್ತೆಯ ಕೊರಳಿಗೆ ಆರು ಕಂಕಣ

ಬಹಳ ಬಹಳ ಹಿಂದಿನ ಮಾತು. ಗೋಡೆಯ ಮೇಲಿನ ಹಲ್ಲಿಗೆ ಇನ್ನೂ ಲೊಚಗುಟ್ಟಲು ಬರುತ್ತಿರಲಿಲ್ಲ, ಅಷ್ಟು ಹಿಂದಿನದು. ಕಂಕಣಗಿರಿ ಅಂತ ಒಂದು ರಾಜ್ಯ. ಅಲ್ಲೊಬ್ಬ ರಾಜ ಇದ್ದ. ಇದ್ದ ಅಂದರೆ ಇದ್ದ, ಅಷ್ಟೇ. ಉಂಡ, ಮಲಗಿದ, ಎದ್ದ, ಮತ್ತೆ ಉಂಡ. ರಾಜ್ಯ ಆಳುತ್ತಿದ್ದವರು ಏಳು ಜನ ಮಂತ್ರಿಗಳು.

ಈ ಮಂತ್ರಿಗಳನ್ನು ಆರಿಸುವವರು ಜನ. ಒಂದು ಸಲ ಬೂದು ಪೇಟದವರನ್ನು ಆರಿಸುತ್ತಿದ್ದರು, ಅವರ ಮೇಲೆ ಸಿಟ್ಟು ಬಂದರೆ ನೇರಳೆ ಪೇಟದವರನ್ನು. ಬೂದು ಪೇಟದವರು ಉಪ್ಪಿಗೆ ತೆರಿಗೆ ಹಾಕಿದರು, ಸೊಪ್ಪಿಗೆ ಹಾಕಿದರು, ಕೊನೆಗೆ ಬಾವಿಯ ಹಗ್ಗಕ್ಕೂ ಹಾಕಿದರು. ಜನ ರೋಸಿಹೋದರು. ಆಗ ನೇರಳೆ ಪೇಟದವರು ಏಳು ಜನ ಬೀದಿ ಬೀದಿಗೆ ಬಂದು ಕೈಮುಗಿದರು. "ತಾಯೀ, ಅಪ್ಪಾ, ನಾವು ಬಂದರೆ ಇನ್ನು ಒಂದೇ ಒಂದು ತೆರಿಗೆ ಏರಿಸುವುದಿಲ್ಲ, ಒಂದು ಕಾಳೂ ಹೆಚ್ಚು ಕೇಳುವುದಿಲ್ಲ" ಅಂದರು.

ಬರೀ ಬಾಯಿಮಾತಿಗೆ ಬಿಡುವ ಊರಲ್ಲ ಅದು. ಆ ರಾಜ್ಯದಲ್ಲಿ ಮಾತು ಕೊಟ್ಟವರು ಕೈ ಮುಂದೆ ಚಾಚಬೇಕು. ಅರಿಶಿನ ಹಚ್ಚಿದ ದಾರದಲ್ಲಿ ಅರಿಶಿನದ ಕೊಂಬು ಕಟ್ಟಿ, ಮಣಿಕಟ್ಟಿಗೆ ಕಂಕಣ ಬಿಗಿಯಬೇಕು. ಅದನ್ನು ಕಟ್ಟುವ ಮನೆ ಊರಿಗೆ ಒಂದೇ, ಸಾತವ್ವನ ಮನೆ. ಸಾತವ್ವನಿಗೆ ಹದಿನೆಂಟು ವರ್ಷ. ಅವಳ ಅಜ್ಜಿ ಕಟ್ಟುತ್ತಿದ್ದಳು, ಅವ್ವ ಕಟ್ಟುತ್ತಿದ್ದಳು, ಈಗ ಅವಳು. ಕಟ್ಟುವಾಗ ತನ್ನ ಸೆರಗಿನಿಂದ ಒಂದು ಕೆಂಪು ಎಳೆ ಕಿತ್ತು ದಾರಕ್ಕೆ ಹೊಸೆಯುವುದು ಆ ಮನೆಯ ಪದ್ಧತಿ. ಆ ಎಳೆಯಲ್ಲಿತ್ತು ಮಹಿಮೆ. ಮಾತು ಉಳಿಸಿಕೊಂಡವನಿಗೆ ಕಂಕಣ ಹೂವಿನಷ್ಟು ಹಗುರ. ಮಾತು ಮುರಿದವನಿಗೆ ಬಿಗಿಯುತ್ತದೆ, ಇನ್ನೊಮ್ಮೆ ಮುರಿದರೆ ಇನ್ನಷ್ಟು ಬಿಗಿಯುತ್ತದೆ. ಕಟ್ಟಿದ ಕೈಯೇ ಬಿಚ್ಚಬೇಕು. ಬಿಚ್ಚುವ ತನಕ ಆ ಮಾತು ಜೀವಂತ.

ಏಳು ಜನಕ್ಕೂ ಸಾತವ್ವ ಕಂಕಣ ಕಟ್ಟಿದಳು. ಜನ ನೆಮ್ಮದಿಯಾಗಿ ಮನೆಗೆ ಹೋದರು.

ಮೂರು ತಿಂಗಳು ಕಳೆಯಲಿಲ್ಲ, ತೊಟ್ಟಿಲಿಗೊಂದು ವಸೂಲಿ ಬಂತು. "ಏರಿಸುವುದಿಲ್ಲ ಅಂದಿದ್ದಿರಲ್ಲ?" ಅಂದರೆ, "ಇದು ತೆರಿಗೆ ಅಲ್ಲಮ್ಮ, ತೊಟ್ಟಿಲ ಹರಕೆ" ಅಂದರು. ಆಮೇಲೆ ಹೊಸ್ತಿಲಿಗೆ. "ಇದು ತೆರಿಗೆ ಅಲ್ಲಪ್ಪ, ಹೊಸ್ತಿಲ ಮರ್ಯಾದೆ." ಆಮೇಲೆ ಒಲೆಗೆ, ತಿಂಗಳಿಗೆ ಒಂದು ಸೇರು ಅಕ್ಕಿ. "ಇದು ತೆರಿಗೆಯೇ ಅಲ್ಲ, ಒಲೆಯ ಆರತಿ." ಹೆಸರಿಡುವುದರಲ್ಲಿ ಮಾತ್ರ ಅವರನ್ನು ಮೀರಿಸುವವರಿಲ್ಲ! ಹೆಸರು ಯಾವುದಾದರೇನು, ಮಡಕೆಯಿಂದ ಹೋಗುವುದು ಅಕ್ಕಿಯೇ ತಾನೆ? ಕೊಡದವರ ಒಲೆಗೆ ಅರಗು ಸುರಿದು ಮುದ್ರೆ ಒತ್ತಿದರು. ಪಕ್ಕದ ಮನೆಯವರು ಒಂದು ಕೆಂಡ ಕೊಟ್ಟರೆ ಅವರ ಒಲೆಗೂ ಮುದ್ರೆ.

ಜನ ಮಂತ್ರಿಗಳ ಮಣಿಕಟ್ಟು ನೋಡಿದರು. ಕಂಕಣ ಇತ್ತು, ಬಿಗಿದಿರಲಿಲ್ಲ. ಬೈದದ್ದು ಯಾರನ್ನು? ಸಾತವ್ವನನ್ನು!

"ನಿನ್ನ ದಾರ ಕೆಟ್ಟಿದೆ ಕಣೇ" ಅಂದರು.

ಅದೇ ಹೊತ್ತಿಗೆ ಸಾತವ್ವನ ಅಕ್ಕ ದುರುಗವ್ವ ಹೆತ್ತಳು, ಹೆಣ್ಣುಮಗು. ಹೆತ್ತ ಎರಡನೆಯ ದಿನ ರಾಜಭಟರು ಬಂದು ಅವರ ಒಲೆಗೆ ಮುದ್ರೆ ಒತ್ತಿಹೋದರು. ಹಸಿ ಬಾಣಂತಿಗೆ ಬಿಸಿನೀರಿಲ್ಲ. ಮೆಣಸಿನ ಸಾರಿಲ್ಲ. ಮಗುವಿಗೆ ಕಾಯಿಸಿದ ಬಟ್ಟೆಯಿಲ್ಲ. ದುರುಗವ್ವನ ಕೈಕಾಲು ತಣ್ಣಗಾಗಿ, ಹಲ್ಲು ಕಟಕಟ ಅನ್ನತೊಡಗಿತು.

"ಸಾತೀ, ನನಗೆ ಚಳಿ ಕಣೇ. ಮಗು ಬೆಚ್ಚಗಿದೆಯಾ ನೋಡು" ಅಂದಳು.

ಸಾತವ್ವ ಅಕ್ಕನಿಗೂ ಮಗುವಿಗೂ ಮನೆಯಲ್ಲಿದ್ದ ಬಟ್ಟೆಯನ್ನೆಲ್ಲ ಹೊದಿಸಿ, ನೆರೆಮನೆಯ ಅಜ್ಜಿಯನ್ನು ಕೂರಿಸಿ, ನೇರ ಹಿರಿಯ ಮಂತ್ರಿ ಭರಮಪ್ಪನ ಮನೆಗೆ ಹೋದಳು.

"ಧಣೀ, ಮಾತು ಕೊಟ್ಟಿದ್ದಿರಿ."

"ಕೊಟ್ಟಿದ್ದೆ ತಂಗೀ, ಇಲ್ಲ ಅಂದೆನೆ? ಆದರೆ ಬೂದು ಪೇಟದವರು ಉಗ್ರಾಣ ಬರಿದು ಮಾಡಿ ಹೋಗಿದ್ದಾರೆ. ನಾನೇನು ಮಾಡಲಿ?"

"ಬರಿದಾದ ಉಗ್ರಾಣಕ್ಕೆ ಬೆಳ್ಳಿಯ ಬಾಗಿಲು ಮಾಡಿಸಿದ್ದೀರಲ್ಲ?"

"ನೀನು ಇನ್ನೂ ಚಿಕ್ಕವಳು. ರಾಜ್ಯಭಾರ ನಿನಗೆ ತಿಳಿಯದು" ಅಂತ ಭರಮಪ್ಪ ಆಶೀರ್ವಾದ ಮಾಡುವವನ ಹಾಗೆ ಕೈ ಎತ್ತಿದ. ಸಾತವ್ವ ಕಂಕಣ ನೋಡಿದಳು. ಹಳದಿ ದಾರ ಇತ್ತು, ಕೊಂಬು ಇತ್ತು, ಕೆಂಪು ಎಳೆ ಇರಲಿಲ್ಲ! ಮೂಗಿಗೆ ಹರಳೆಣ್ಣೆಯ ವಾಸನೆ ಬಡಿಯಿತು.

ಅವಳಿಗೆ ಎಲ್ಲ ಹೊಳೆಯಿತು. ಇವರು ಕಂಕಣ ಬಿಚ್ಚಿಲ್ಲ. ಮಣಿಕಟ್ಟಿಗೆ ಎಣ್ಣೆ ಹಚ್ಚಿ ಜಾರಿಸಿ, ಬದಲಿಗೆ ಬರೀ ಹಳದಿ ದಾರದ ನಕಲಿ ಕಟ್ಟಿಕೊಂಡಿದ್ದಾರೆ! ಆ ರಾಜ್ಯದಲ್ಲಿ ಹರಳೆಣ್ಣೆ ತೆಗೆಯುವವನು ಒಬ್ಬನೇ, ಹೊಳೆಯಾಚೆ ಗುಡ್ಡದ ಮೇಲಿನ ಮಾಂತ್ರಿಕ ಕಾಳಂಗ. ಸಾತವ್ವ ಮೂರು ಜೋಳದ ರೊಟ್ಟಿ ಗಂಟು ಕಟ್ಟಿಕೊಂಡು ಹೊರಟಳು.

ಹೊಳೆಗೆ ಬಂದಳು. ಹೊಳೆಯಲ್ಲಿ ಒಂದು ಮೊಸಳೆ.

"ದಾಟಿಸುತ್ತೀಯಾ ಮೊಸಳೆಯಣ್ಣ?"

"ಒಂದು ರೊಟ್ಟಿ ಕೊಡು, ದಾಟಿಸುತ್ತೇನೆ. ಅದಕ್ಕಿಂತ ಹೆಚ್ಚು ಕೇಳಿದರೆ ನಾನು ಮೊಸಳೆಯೇ ಅಲ್ಲ" ಅಂದಿತು.

ಸಾತವ್ವ ಒಂದು ರೊಟ್ಟಿ ಕೊಟ್ಟು ಬೆನ್ನ ಮೇಲೆ ಕೂತಳು. ನಡುಹೊಳೆಯಲ್ಲಿ ಮೊಸಳೆ ನಿಂತಿತು. "ಇನ್ನೊಂದು ರೊಟ್ಟಿ ಕೊಡು."

"ಒಂದೇ ಅಂದೆಯಲ್ಲ!"

"ಆಗ ನೀರು ಕಡಿಮೆ ಇತ್ತು. ಈಗ ಪರಿಸ್ಥಿತಿ ಬೇರೆ."

ಕೊಟ್ಟಳು, ಏನು ಮಾಡುತ್ತಾಳೆ? ಆಚೆ ದಡ ಇನ್ನು ಒಂದು ಮಾರು ಇರುವಾಗ ಮತ್ತೆ ನಿಂತಿತು. ಮೂರನೆಯದೂ ಹೋಯಿತು.

"ನೀನೂ ಒಂದು ನೇರಳೆ ಪೇಟ ಸುತ್ತಿಕೋ ಹೋಗು!" ಅಂತ ಬೈದು ದಡ ಹತ್ತಿದಳು. ಹತ್ತುತ್ತಾ ತನ್ನನ್ನೂ ಬೈದುಕೊಂಡಳು. ಊರಿಗೆಲ್ಲ ಕಂಕಣ ಕಟ್ಟುವವಳು, ಮೊಸಳೆಯ ಬಾಯಿಮಾತು ನಂಬಿ ಕೂತೆನಲ್ಲ!

ಮುಂದೆ ಗುಡ್ಡದ ಕಣಿವೆ. ದಾರಿಗೆ ಅಡ್ಡ ಒಂದು ಹುಲಿ. "ನನ್ನ ಬಲಗಿವಿಯಲ್ಲಿ ಕೂತು ರಕ್ತ ಹೀರುವ ಉಣ್ಣೆ ತೆಗೆ, ಬಿಡುತ್ತೇನೆ. ಅದಕ್ಕಿಂತ ಹೆಚ್ಚು ಕೇಳಿದರೆ ನಾನು ಹುಲಿಯೇ ಅಲ್ಲ."

"ಆಗಲಿ ಹುಲಿಯಣ್ಣ. ಮೊದಲು ಕಾಲು ಚಾಚು" ಅಂದಳು ಸಾತವ್ವ. ಸೆರಗಿನಿಂದ ಎಳೆ ಕಿತ್ತಳು, ಹೊಸೆದಳು, ಕಟ್ಟಿದಳು. ಆಮೇಲೆ ಕಿವಿಗೆ ಕೈ ಹಾಕಿದಳು. ಒಂದೊಂದೇ ಉಣ್ಣೆ ತೆಗೆದು ಕಿವಿ ಚೊಕ್ಕ ಮಾಡಿದಳು.

ಹುಲಿಗೆ ಹಾಯೆನಿಸಿತು. ಕಣ್ಣು ಮುಚ್ಚಿಕೊಂಡು, "ಎಡಗಿವಿಯದೂ ತೆಗೆ" ಅಂದಿತು. ದಾರ ಬಿಗಿಯಿತು. "ಬಾಲದ ಹತ್ತಿರವೂ ಸ್ವಲ್ಪ..." ಅಂದಿತು. ದಾರ ಮೂಳೆಗೇ ಕಚ್ಚಿತು. ಹುಲಿ ಬೆಕ್ಕಿನ ಮರಿಯ ಹಾಗೆ ಮಿಯಾಂವ್ ಅಂದಿತು.

"ಅಯ್ಯೋ, ಸಾಕು ತಾಯೀ! ಹೋಗು, ಹೋಗು!"

"ಬರುವಾಗ ಬಿಚ್ಚುತ್ತೇನೆ. ಇಲ್ಲೇ ಇರು" ಅಂದು ಸಾತವ್ವ ಗುಡ್ಡ ಹತ್ತಿದಳು. ಅವಳಿಗೆ ಗೆಲುವಾಯಿತು. ದಾರ ಕೆಟ್ಟಿಲ್ಲ!

ಗುಡ್ಡದ ತುದಿಯಲ್ಲಿ ಕಾಳಂಗನ ಮನೆ. ಅಂಗಳದಲ್ಲಿ ಎಣ್ಣೆಯ ಗಾಣ. ಗಾಣಕ್ಕೆ ಒಂದು ಬಡಕಲು ಕತ್ತೆ ಕಟ್ಟಿತ್ತು. ಅದರ ಕೊರಳಲ್ಲಿ ಆರು ಕಂಕಣ, ಆರರಲ್ಲೂ ಕೆಂಪು ಎಳೆ. ಬಿಗಿದು ಬಿಗಿದು ಕತ್ತೆಗೆ ಉಸಿರೇ ಆಡುತ್ತಿರಲಿಲ್ಲ. ಪಾಪ, ಮಾತು ಮುರಿದವರು ಯಾರು, ಕೊರಳು ಯಾರದು!

ಕಾಳಂಗ ಜಗಲಿಯ ಮೇಲೆ ಎಲೆಅಡಿಕೆ ಮೆಲ್ಲುತ್ತಾ ಕೂತಿದ್ದ. ಪಕ್ಕದಲ್ಲಿ ಹರಳೆಣ್ಣೆಯ ದೊಡ್ಡ ಜಾಡಿ.

"ಏನು ಬೇಕು ಹುಡುಗಿ?"

"ನನ್ನ ಅಕ್ಕ ಬಾಣಂತಿ. ಅವಳ ಒಲೆ ಉರಿಯಬೇಕು."

"ಅಷ್ಟೇ ತಾನೆ? ಹೊತ್ತು ನೆತ್ತಿಗೆ ಬರುವ ತನಕ ಈ ಗಾಣ ತಿರುಗಿಸು. ಆ ಕತ್ತೆ ಇನ್ನು ಸಾಯುತ್ತದೆ. ಆಮೇಲೆ ನನ್ನ ಅಂಗಳದಿಂದ ಯಾವುದಾದರೂ ಒಂದನ್ನು ತೆಗೆದುಕೊಂಡು ಹೋಗು. ಮುದ್ರೆ ಕರಗಿಸುವ ಕಡ್ಡಿಯೂ ಅಲ್ಲೇ ಇದೆ, ನಿಮ್ಮ ಮನೆಯ ಒಲೆಗೆ ಅದು ಸಾಕು. ನಾನು ಬೇರೇನೂ ಕೇಳುವುದಿಲ್ಲ."

"ಹಾಗಾದರೆ ಕೈ ಚಾಚಿ" ಅಂದಳು.

ಕಾಳಂಗ ಮುಸಿಮುಸಿ ನಕ್ಕು ಕೈ ಚಾಚಿದ. ಎಣ್ಣೆ ಇರುವಾಗ ಅವನಿಗೇನು ಭಯ? ಕಟ್ಟಿಸಿಕೊಂಡು, ಅಲ್ಲೇ ಒರಗಿ ಗೊರಕೆ ಹೊಡೆಯತೊಡಗಿದ.

ಸಾತವ್ವ ಕತ್ತೆಯನ್ನು ನೊಗದಿಂದ ಬಿಡಿಸಿ ತಾನೇ ಗಾಣಕ್ಕೆ ಹೆಗಲು ಕೊಟ್ಟಳು. ಕತ್ತೆ ಪಿಸುದನಿಯಲ್ಲಿ ಮಾತಾಡಿತು.

"ತಂಗೀ, ಗುರುತು ಸಿಗಲಿಲ್ಲವೇ? ನಾನು ಸಂಕಪ್ಪ, ಏಳನೆಯ ಮಂತ್ರಿ."

"ಅಯ್ಯೋ ಅಣ್ಣಾ! ನೀವು ಕಾಶಿಗೆ ಹೋಗಿದ್ದೀರಿ ಅಂತ ಡಂಗುರ ಹೊಡೆಸಿದ್ದರು!"

"ಎಂಥ ಕಾಶಿ! ತೊಟ್ಟಿಲಿಗೆ ತೆರಿಗೆ ಬೇಡ, ಮಾತು ಕೊಟ್ಟಿದ್ದೇವೆ ಅಂದೆ. ಆರೂ ಜನ ಸೇರಿ ನನ್ನನ್ನು ಇಲ್ಲಿಗೆ ಎಳೆದು ತಂದರು. ಇವನು ಕತ್ತೆ ಮಾಡಿದ. ಅವರ ಕಂಕಣ ಜಾರಿಸಿ ನನ್ನ ಕೊರಳಿಗೆ ಹಾಕಿದ. ಇವು ಕೊರಳಲ್ಲಿರುವ ತನಕ ನಾನು ಕತ್ತೆಯೇ. ನನ್ನದು ಇಲ್ಲಿ ಕಾಲಲ್ಲೇ ಇದೆ, ನೋಡು, ಹೂವಿನ ಹಾಗಿದೆ. ಅಲ್ಲಿ ಅವರು ಒಂದು ತೆರಿಗೆ ಹಾಕಿದರೆ ಇಲ್ಲಿ ನನಗೆ ಒಂದು ಸುತ್ತು ಬಿಗಿಯುತ್ತದೆ."

ಸಾತವ್ವನ ಕೈ ಮೊದಲು ಗಂಟಿನ ಕಡೆಗೇ ಹೋಯಿತು. ಬಿಚ್ಚಿದರೆ ಸಂಕಪ್ಪ ಉಳಿಯುತ್ತಾನೆ, ಆದರೆ ಆರು ಜನರ ಮಾತೂ ಅಲ್ಲಿಗೆ ಸತ್ತುಹೋಗುತ್ತದೆ. ಕೈ ಹಿಂದಕ್ಕೆ ತೆಗೆದಳು. ಜಾಡಿ ಎತ್ತಿಕೊಂಡು ಬಂದಳು.

ಎಣ್ಣೆ ಸುರಿದಳು, ಉಜ್ಜಿದಳು, ಎಳೆದಳು. ಒಂದು ಜಾರಿತು. ಮತ್ತೆ ಸುರಿದಳು, ಉಜ್ಜಿದಳು, ಎಳೆದಳು. ಎರಡನೆಯದು. ಹೀಗೆ ಗಾಣ ಒಂದು ಸುತ್ತು, ಎಣ್ಣೆ ಒಂದು ಸುರಿ. ಐದು ಜಾರಿದವು. ಆರನೆಯದು ಭರಮಪ್ಪನದು, ಎಲ್ಲಕ್ಕಿಂತ ಆಳಕ್ಕೆ ಕಚ್ಚಿತ್ತು. ಜಾಡಿಯ ತಳದ ಹನಿಯನ್ನೂ ಬೆರಳಿಂದ ಬಳಿದು ಹಚ್ಚಿ ಎಳೆದಳು. ಜಾರಿತು! ಕತ್ತೆ ಇದ್ದಲ್ಲಿ ಸಂಕಪ್ಪ ಎದ್ದು ನಿಂತ, ಮೈಯೆಲ್ಲ ಎಣ್ಣೆ.

ಹೊತ್ತು ನೆತ್ತಿಗೆ ಬಂತು. ಕಾಳಂಗ ಎಚ್ಚತ್ತ. ಸಾತವ್ವ ಗಾಣ ನಿಲ್ಲಿಸಿ ಮುದ್ರೆ ಕರಗಿಸುವ ಕಡ್ಡಿ ನೋಡಿದಳು. ಅಕ್ಕನ ಹಲ್ಲು ಕಟಕಟ ಅಂದದ್ದು ಕಿವಿಯಲ್ಲಿತ್ತು. ಅದೊಂದನ್ನು ಎತ್ತಿಕೊಂಡರೆ ಅವಳ ಮನೆಯ ಒಲೆ ಸಂಜೆಗೇ ಉರಿಯುತ್ತದೆ. ಮಿಕ್ಕ ಮನೆಗಳ ಒಲೆ? ಅವಳು ಸಂಕಪ್ಪನ ಕೈ ಹಿಡಿದಳು.

"ನಾನು ಒಯ್ಯುವ ಒಂದು ಇದು. ಕಂಕಣಗಳು ಮೊದಲಿಂದಲೂ ನನ್ನವೇ, ನನ್ನ ಸೆರಗಿನ ಎಳೆ. ಬರುತ್ತೇನೆ."

"ನಿಲ್ಲು! ಅವನು ಬೇಕಾದರೆ ನಿನ್ನ ಕೂದಲು ಕೊಟ್ಟು ಹೋಗು!" ಅಂದ ಕಾಳಂಗ. ಕಂಕಣ ಬಿಗಿಯಿತು. ಮಾಂತ್ರಿಕನ ಮೈ ನೋಡಿ, ದಾರದ ಜೊತೆಗೇ ಕುಗ್ಗಿ ಮೊಳದಷ್ಟಾಯಿತು.

"ಕಾಲ್ಗೆಜ್ಜೆಯೂ ಕೊಡು!" ಇನ್ನಷ್ಟು ಬಿಗಿಯಿತು. ಗೇಣುದ್ದವಾದ. ಓಡಿಹೋಗಿ ಜಾಡಿಗೆ ಬಿದ್ದ. ಜಾಡಿ ಖಾಲಿ.

ಬಾಯಿ ಮುಚ್ಚಿಕೊಂಡಿದ್ದರೆ ಅಷ್ಟಕ್ಕೇ ಉಳಿಯುತ್ತಿದ್ದ. ಕೇಳಿ ಕೇಳಿ ರೂಢಿಯಾದ ಬಾಯಿ, ಸುಮ್ಮನಿರುತ್ತದೆಯೇ? "ನಿನ್ನ ದನಿಯನ್ನೂ ಕೊಡು!" ಅಂದ. ಬೆರಳುದ್ದವಾದ, ಬಾಲ ಬಂತು, ಜಾಡಿಯ ಒಳಗೋಡೆಗೆ ಅಂಟಿಕೊಂಡ. ಹಲ್ಲಿ!

ಹಲ್ಲಿಯ ಕಾಲಲ್ಲೂ ತನ್ನದೇ ಎಳೆ ಇತ್ತಲ್ಲ, ಸಾತವ್ವ ಅದನ್ನು ಜಾಡಿ ಸಮೇತ ಕಂಕುಳಲ್ಲಿಟ್ಟುಕೊಂಡು ಇಳಿದಳು. ಹುಲಿ ಅಲ್ಲೇ ಕಾಯುತ್ತಿತ್ತು. ಕೊಟ್ಟ ಮಾತಿನಂತೆ ಕಂಕಣ ಬಿಚ್ಚಿದಳು, ಹುಲಿ ಇಬ್ಬರನ್ನೂ ಬೆನ್ನ ಮೇಲೆ ಹೊತ್ತು ತಂದಿತು. ಹೊಳೆಯಲ್ಲಿ ಮೊಸಳೆ ಹುಲಿಯ ಮುಖ ನೋಡಿ, "ರೊಟ್ಟಿ ಯಾರಿಗೆ ಬೇಕು, ಬನ್ನಿ ಬನ್ನಿ" ಅಂದಿತು.

ಅರಮನೆಯಲ್ಲಿ ಸಭೆ ನಡೆದಿತ್ತು. ಊರೆಲ್ಲ ನೆರೆದಿತ್ತು. ಭರಮಪ್ಪ ಎದ್ದು ನಿಂತು ಹೇಳುತ್ತಿದ್ದ. "ಇನ್ನು ಮುಂದೆ ಬಿಸಿಲಲ್ಲಿ ಬೀಳುವ ಪ್ರತಿ ನೆರಳಿಗೆ ಒಂದು ಹಿಡಿ ರಾಗಿ. ಇದು ತೆರಿಗೆ ಅಲ್ಲ, ಸೂರ್ಯನ ಸೇವೆ..."

"ಭರಮಪ್ಪನವರೇ, ಕೈ ಚಾಚಿ!" ಅಂತ ಬಾಗಿಲಲ್ಲಿ ದನಿ ಕೇಳಿತು.

ಬಿಚ್ಚದ ಕಂಕಣಕ್ಕೆ ತನ್ನ ಕೈ ಯಾವುದೆಂದು ಗೊತ್ತು. ಸಾತವ್ವನ ಅಂಗೈಯಿಂದ ಹಾರಿ ಹೋಗಿ ಭರಮಪ್ಪನ ಮಣಿಕಟ್ಟಿಗೆ ಕೂತಿತು. ಒಬ್ಬೊಬ್ಬರ ಹೆಸರು ಹಿಡಿದು ಕರೆದಳು, ಆರೂ ಕಂಕಣ ಹಾರಿದವು. ತೊಟ್ಟಿಲಿಗೆ ಒಂದು ಸಲ ಬಿಗಿದವು, ಹೊಸ್ತಿಲಿಗೆ ಒಂದು ಸಲ, ಒಲೆಗೆ ಒಂದು ಸಲ. ಆರು ಜನ ನೆಲಕ್ಕೆ ಬಿದ್ದು ಹೊರಳಾಡಿದರು.

"ಬಿಚ್ಚು ತಾಯೀ, ಬಿಚ್ಚು!"

"ಬಿಚ್ಚುವುದು ಮಾತು ಉಳಿಸಿಕೊಂಡ ಮೇಲೆ."

"ಎಣ್ಣೆ! ಎಣ್ಣೆ ತರಿಸಿ!" ಅಂದ ಭರಮಪ್ಪ.

"ಮುಗಿದಿದೆ" ಅಂದ ಬಾಗಿಲಲ್ಲಿ ನಿಂತ ಸಂಕಪ್ಪ. "ಎಲ್ಲವೂ ನನ್ನ ಮೈಮೇಲಿದೆ."

ಜನ ಹೋ ಎಂದು ನಕ್ಕರು. ಸಾತವ್ವನ ದಾರ ಕೆಟ್ಟಿದೆ ಅಂದವರು ಮಾತ್ರ ನೆಲ ನೋಡಿದರು. ಆರು ಜನ ಎದ್ದುಬಿದ್ದು ಓಡಿದರು, ಮನೆಮನೆಗೆ ನುಗ್ಗಿ ಉಗುರಲ್ಲಿ ಅರಗು ಕೆರೆದರು. ಒಂದು ಒಲೆಯ ಮುದ್ರೆ ಬಿಟ್ಟರೆ ದಾರ ಒಂದಿಷ್ಟು ಸಡಿಲ. ಮೊದಲ ಒಲೆ ದುರುಗವ್ವನದು. ಭರಮಪ್ಪ ನೇರಳೆ ಪೇಟ ಸಿಂಬೆ ಮಾಡಿ ತಲೆಯ ಮೇಲೆ ಹಂಡೆ ನೀರು ಹೊತ್ತು ತಂದ. ಇನ್ನೊಬ್ಬ ಸೌದೆ ತಂದ, ಮತ್ತೊಬ್ಬ ಹೊಗೆಗೆ ಕೆಮ್ಮುತ್ತಾ ಊದುಗೊಳವೆ ಊದಿದ. ನೀರು ಕಾಯಿತು. ದುರುಗವ್ವ ಬೆನ್ನಿಗೆ ಬಿಸಿನೀರು ಹೊಯ್ಯಿಸಿಕೊಂಡು, "ಅಮ್ಮಾ..." ಅಂತ ಉಸಿರು ಬಿಟ್ಟಳು. ಮೆಣಸಿನ ಸಾರು ಕುಡಿದಳು. ಮುಖಕ್ಕೆ ಬಣ್ಣ ಬಂತು. ಮಗು ಬೆಚ್ಚಗಿನ ಬಟ್ಟೆಯಲ್ಲಿ ಮುಷ್ಟಿ ಬಿಗಿದು ಮಲಗಿತು.

ಸಂಕಪ್ಪ ಹಿರಿಯ ಮಂತ್ರಿಯಾದ. ರಾಜ್ಯದ ಎಲ್ಲ ಒಲೆ ಉರಿದವು, ಎಲ್ಲ ತೊಟ್ಟಿಲು ತೂಗಿದವು. ಆರು ಜನ ಎಷ್ಟು ವರ್ಷ ನೀರು ಹೊತ್ತರೋ, ಸಾತವ್ವನನ್ನೇ ಕೇಳಬೇಕು.

ಜಾಡಿಯ ಹಲ್ಲಿಯನ್ನು ಸಾತವ್ವ ಸಭೆಯ ಗೋಡೆಗೆ ಬಿಟ್ಟಳು. "ಸುಳ್ಳಿಗೆ ಎಣ್ಣೆ ಹಚ್ಚಿದವನೇ, ಇನ್ನು ಯಾರಾದರೂ ನಿಜ ಹೇಳಿದಾಗ ಲೊಚಗುಟ್ಟು" ಅಂದಳು. ಅದಕ್ಕೇ ನೋಡಿ, ಇವತ್ತಿಗೂ ಮಾತಿನ ನಡುವೆ ಹಲ್ಲಿ ಲೊಚಗುಟ್ಟಿದರೆ ನಾವು ಸತ್ಯ ಅನ್ನುತ್ತೇವೆ.

ಆಮೇಲೆ ಆ ಸಭೆಗೆ ಎಷ್ಟೋ ಬಣ್ಣದ ಪೇಟಗಳು ಬಂದು ಹೋದವು. "ಒಂದು ಕಾಳೂ ಹೆಚ್ಚು ಕೇಳುವುದಿಲ್ಲ" ಅಂತ ಯಾರಾದರೂ ಎದೆ ತಟ್ಟಿಕೊಂಡಾಗ ಜನ ಅವರ ಮುಖ ನೋಡುವುದಿಲ್ಲ, ಗೋಡೆ ನೋಡುತ್ತಾರೆ. ಗೋಡೆ ಸುಮ್ಮನಿದ್ದರೆ ಸಾತವ್ವ ನಿಟ್ಟುಸಿರು ಬಿಟ್ಟು ಸೆರಗಿಗೆ ಕೈ ಹಾಕುತ್ತಾಳೆ. ಅಯ್ಯೋ, ಆ ಸೆರಗಿನಲ್ಲಿ ಇನ್ನು ಎಷ್ಟು ಎಳೆ ಉಳಿದಿದ್ದಾವೋ!